ಶರಾವತಿಯ ಕಾನು: ನೀರು, ಇಂಗಾಲ ಮತ್ತು ಅನರ್ಥದಂಡ

ಶ್ರಾವಕರ ಆಚಾರವನ್ನು ನಿರೂಪಿಸುವ ರತ್ನಕರಂಡಕ ಶ್ರಾವಕಾಚಾರದಲ್ಲಿ ಆಚಾರ್ಯ ಸಮಂತಭದ್ರರು ಅನರ್ಥದಂಡದ ಐದು ಭೇದಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಒಂದು ಪ್ರಮಾದಚರ್ಯೆ. ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಹೊತ್ತಿಸುವುದು, ಗಾಳಿಯನ್ನು ಕಲಕುವುದು, ಗಿಡಮರಗಳನ್ನು ಕಡಿಯುವುದು ಪ್ರಮಾದಚರ್ಯೆ ಎನಿಸುತ್ತದೆ. ಪೃಥ್ವಿ, ಅಪ್ಪು, ತೇಜಸ್ಸು, ವಾಯು, ವನಸ್ಪತಿ ಎಂಬ ಐದು ಸ್ಥಾವರಕಾಯಗಳೂ ಇಲ್ಲಿ ಒಟ್ಟಾಗಿ ಬಂದಿವೆ. ಒಂದಕ್ಕೆ ಬಿದ್ದ ಪೆಟ್ಟು ಉಳಿದವುಗಳನ್ನು ಹೇಗೆ ಮುಟ್ಟುತ್ತದೆ ಎಂಬುದನ್ನು ತಿಳಿಯಲು ಶರಾವತಿ ಕಣಿವೆಯ ಇತಿಹಾಸಕ್ಕಿಂತ ಹತ್ತಿರದ ಉದಾಹರಣೆ ಕರ್ನಾಟಕದ ಜೈನರಿಗೆ ಇನ್ನೊಂದಿಲ್ಲ.

ಆ ಕಣಿವೆಯ ಕೆಳಭಾಗದಲ್ಲಿರುವ ಗೇರುಸೊಪ್ಪೆ ಒಂದು ಕಾಲಕ್ಕೆ ಜೈನ ಅರಸರ ರಾಜಧಾನಿಯಾಗಿತ್ತು. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿಂದ ಆಳಿದ ಸಾಳುವ ವಂಶದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದರು. ಅವಳ ರಾಜ್ಯದ ಸಂಪತ್ತಿಗೆ ಆಧಾರವಾಗಿದ್ದುದು ಕಾಳುಮೆಣಸು. ಮೆಣಸಿನ ಬಳ್ಳಿಗೆ ಹಬ್ಬಲು ಜೀವಂತ ಮರ ಬೇಕು, ನೆರಳು ಬೇಕು, ಬೇಸಿಗೆಯಲ್ಲೂ ಆರದ ತೇವ ಬೇಕು. ಇವೆಲ್ಲವೂ ದೊರೆಯುತ್ತಿದ್ದುದು ಮಲೆನಾಡಿನವರು ‘ಕಾನು’ ಎಂದು ಕರೆಯುವ ನಿತ್ಯಹಸುರಿನ ಕಾಡಿನಲ್ಲಿ. ಎಷ್ಟೋ ಕಾನುಗಳು ಗ್ರಾಮದೇವತೆಗಳ ನೆಲೆಗಳಾಗಿದ್ದು, ಅಲ್ಲಿ ಕೊಡಲಿ ಆಡಿಸುವುದು ನಿಷಿದ್ಧವಾಗಿತ್ತು. ಅಂದಿನವರು ಕಾನನ್ನು ಉಳಿಸಿದ್ದು ಕೇವಲ ಕರುಣೆಯಿಂದ ಎಂದರೆ ಅತಿಶಯೋಕ್ತಿಯಾದೀತು. ಭಕ್ತಿ, ಭಯ, ವ್ಯಾಪಾರ ಮೂರೂ ಅದರಲ್ಲಿ ಸೇರಿದ್ದವು. ಆದರೂ ಒಂದು ಮಾತು ನಿಜ: ನಿಂತ ಮರದಿಂದ ಬರುವ ಲಾಭವನ್ನು ಆ ವ್ಯವಸ್ಥೆ ಅರಿತಿತ್ತು.

ಹದಿನೇಳನೆಯ ಶತಮಾನದ ಆರಂಭದಲ್ಲಿ ಗೇರುಸೊಪ್ಪೆ ಕೆಳದಿಯ ವೆಂಕಟಪ್ಪ ನಾಯಕನ ವಶವಾಯಿತು. 1623ರಲ್ಲಿ ಇಕ್ಕೇರಿಗೆ ಹೊರಟ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಈ ದಾರಿಯಲ್ಲಿ ಬಂದಾಗ, ರಾಣಿಯ ನಗರವೂ ಅರಮನೆಯೂ ಪಾಳುಬಿದ್ದು ಮರಗಳಿಂದ ಮುಚ್ಚಿಹೋಗಿದ್ದುದನ್ನು ಕಂಡನು. ಮಾನವನು ಬಿಟ್ಟ ನೆಲವನ್ನು ಕಾಡು ಅಷ್ಟು ಬೇಗ ಮರಳಿ ಪಡೆದಿತ್ತು. ಶಿಲಾಮಯವಾದ ಚತುರ್ಮುಖ ಬಸದಿ ಇಂದಿಗೂ ಆ ಹಸುರಿನ ನಡುವೆ ನಿಂತಿದೆ.

ಈ ಕಾಡಿನ ಕೆಲಸವನ್ನು ಮಳೆಗಾಲದಿಂದಲೇ ಅರಿಯಬೇಕು. ಘಟ್ಟದ ಇಳಿಜಾರಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದುಹೋಗುತ್ತದೆ. ಉಳಿದ ಎಂಟು ತಿಂಗಳ ಹೊಳೆಯನ್ನು ನಡೆಸುವುದು ನೆಲದೊಳಗೆ ಇಂಗಿದ ನೀರು. ಎತ್ತರದ ಮೇಲ್ಚಾವಣಿ ಹನಿಗಳ ರಭಸವನ್ನು ಮುರಿಯುತ್ತದೆ. ತರಗೆಲೆಗಳ ಹಾಸು ಹರಿವನ್ನು ತಡೆಯುತ್ತದೆ. ಬೇರುಗಳೂ ಮಣ್ಣಿನ ಜೀವಿಗಳೂ ಮಾಡಿದ ರಂಧ್ರಗಳಿಂದ ನೀರು ಆಳಕ್ಕೆ ಇಳಿಯುತ್ತದೆ. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಂತಹ ಕಡೆಗಳಲ್ಲಿ ರಾಮಪತ್ರೆಯ ಜಡ್ಡಿಗಳಿವೆ. ಸದಾ ನೀರು ನಿಲ್ಲುವ ಆ ಜೌಗಿನಲ್ಲಿ ಮರಗಳು ಉಸಿರಾಡಲು ಮಣ್ಣಿನಿಂದ ಮೇಲಕ್ಕೆ ಬೇರುಗಳನ್ನು ಚಾಚುತ್ತವೆ.

ಹತ್ತೊಂಬತ್ತನೆಯ ಶತಮಾನದಲ್ಲಿ ದೃಷ್ಟಿ ಬದಲಾಯಿತು. ಬೆಟ್ಟದ ಜನರ ಕುಮರಿ ಬೇಸಾಯಕ್ಕೆ ಬ್ರಿಟಿಷ್ ಆಡಳಿತ ಕಡಿವಾಣ ಹಾಕಿತು. ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು 1868ರಲ್ಲಿ ಸೊರಬದ ಕಾನುಗಳ ಕುರಿತು ವರದಿ ಬರೆದರು. 1878ರ ಅರಣ್ಯ ಕಾನೂನಿನ ಮೂಲಕ ವಿಶಾಲವಾದ ಕಾಡುಗಳು ಸರ್ಕಾರದ ಮೀಸಲು ಆಸ್ತಿಯಾದವು. ಊರಿನವರ ಹಕ್ಕು ಕುಗ್ಗಿದಂತೆ ಹೊಣೆಯೂ ಕುಗ್ಗಿತು. ಮರದ ಬೆಲೆಯನ್ನು ಘನ ಅಡಿಗಳಲ್ಲಿ ಅಳೆಯುವ ಪದ್ಧತಿ ಬಂತು. ಸ್ವಾತಂತ್ರ್ಯಾನಂತರವೂ ಆ ಪದ್ಧತಿ ಮುಂದುವರಿದು, ಪ್ಲೈವುಡ್ ಮೊದಲಾದ ಕೈಗಾರಿಕೆಗಳಿಗೆ ನಿತ್ಯಹಸುರಿನ ಮರಗಳು ಹೋದವು. 1983ರಲ್ಲಿ ಶಿರಸಿ ತಾಲೂಕಿನ ಸಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದರು. ಅದು ಅಪ್ಪಿಕೋ ಚಳುವಳಿಯ ಆರಂಭ.

ಕಣಿವೆಯ ಮೇಲ್ಭಾಗದಲ್ಲಿ ಬದಲಾವಣೆ ಇನ್ನೂ ದೊಡ್ಡದಾಗಿತ್ತು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ಸುಮಾರು 300 ಚದರ ಕಿಲೋಮೀಟರ್ ವಿಸ್ತಾರದ ಜಲಾಶಯವನ್ನು ನಿರ್ಮಿಸಿತು. ಸಾವಿರಾರು ಕುಟುಂಬಗಳು ನೆಲೆ ಕಳೆದುಕೊಂಡವು. ಕಾಡೂ ಗದ್ದೆಯೂ ಮುಳುಗಿದವು. ಅದರಿಂದ ಬಂದ ವಿದ್ಯುತ್ತು ರಾಜ್ಯದ ಮನೆಗಳನ್ನೂ ಬಸದಿಗಳನ್ನೂ ಬೆಳಗಿತು ಎಂಬುದನ್ನು ಮರೆಯುವುದು ಅಸತ್ಯವಾಗುತ್ತದೆ. ಆದರೆ ಲೆಕ್ಕದ ಇನ್ನೊಂದು ಪುಟವೂ ಇದೆ. ಒಣಗಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇಂಗಾಲ. ಅದು ಮರವು ಗಾಳಿಯಿಂದ ಹೀರಿ ದಶಕಗಳ ಕಾಲ ಕೂಡಿಟ್ಟ ಸಂಗ್ರಹ. ಮರ ಸುಟ್ಟರೂ ಕೊಳೆತರೂ ಆ ಇಂಗಾಲ ಗಾಳಿಗೆ ಮರಳುತ್ತದೆ. ಜಲಾಶಯದ ತಳದಲ್ಲಿ ಆಮ್ಲಜನಕವಿಲ್ಲದೆ ಕೊಳೆತರೆ ಅದರಲ್ಲೊಂದು ಭಾಗ ಮೀಥೇನ್ ಆಗಿ ಹೊರಬರುತ್ತದೆ. ಭೂಮಿಯ ತಾಪವನ್ನು ಏರಿಸುವಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ ಬಹಳ ಪ್ರಬಲವಾದುದು.

ನೀರಿನ ಲೆಕ್ಕವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನಗಳು ಸ್ಪಷ್ಟಪಡಿಸಿವೆ. ಶರಾವತಿಯ ಜಲಾನಯನದಲ್ಲಿ ಸ್ಥಳೀಯ ಜಾತಿಯ ಮರಗಳ ಕಾಡು ಹೆಚ್ಚಾಗಿ ಉಳಿದ ಕಡೆ ಹಳ್ಳಗಳು ವರ್ಷವಿಡೀ ಹರಿಯುತ್ತವೆ. ಕಾಡು ಕ್ಷೀಣಿಸಿದ ಕಡೆ ಮಳೆಗಾಲದೊಡನೆ ಹಳ್ಳವೂ ಮುಗಿಯುತ್ತದೆ. ಎರಡೂ ಕಡೆ ಬೀಳುವುದು ಹೆಚ್ಚುಕಡಿಮೆ ಅದೇ ಮಳೆ. ಇನ್ನೊಂದು ಸಂಗತಿ ಘಟ್ಟದ ಗಡಿಯನ್ನೂ ದಾಟುತ್ತದೆ. ಮರಗಳು ಬೇರಿನಿಂದ ಹೀರಿದ ನೀರನ್ನು ಎಲೆಗಳ ಮೂಲಕ ಆವಿಯಾಗಿ ಬಿಡುತ್ತವೆ. ಆ ಆವಿ ಗಾಳಿಯೊಡನೆ ಪೂರ್ವಕ್ಕೆ ಸಾಗುತ್ತದೆ. ತಮಿಳುನಾಡಿಗೆ ಬರುವ ನೈಋತ್ಯ ಮುಂಗಾರು ಮಳೆಯ ತೇವಾಂಶದಲ್ಲಿ ಪಶ್ಚಿಮಘಟ್ಟದ ಕಾಡುಗಳ ಪಾಲು ಶೇಕಡಾ 25ರಿಂದ 40ರವರೆಗೂ ಏರಬಲ್ಲದೆಂದು 2018ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಘಟ್ಟದಲ್ಲಿ ಉರುಳಿದ ಮರದ ಫಲವನ್ನು ಘಟ್ಟವನ್ನೇ ಕಾಣದ ರೈತನೂ ಉಣ್ಣಬೇಕಾಗುತ್ತದೆ.

2019ರಲ್ಲಿ ಈ ಕಣಿವೆಯ ಅಭಯಾರಣ್ಯವನ್ನು ವಿಸ್ತರಿಸಿ ಸಿಂಗಳೀಕದ ಹೆಸರಿನಲ್ಲಿ ಮರುಘೋಷಿಸಲಾಯಿತು. ಮತ್ತೊಂದೆಡೆ, ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪ ಬಂದಿದೆ. ವಿದ್ಯುತ್ತು ಮಿಕ್ಕಾಗ ನೀರನ್ನು ಮೇಲೆತ್ತಿ, ಬೇಕಾದಾಗ ಕೆಳಗೆ ಬಿಡುವುದು ಅದರ ಕ್ರಮ. ಬಿಸಿಲು ಗಾಳಿಗಳ ವಿದ್ಯುತ್ತನ್ನು ಹೀಗೆ ಕೂಡಿಟ್ಟರೆ ಕಲ್ಲಿದ್ದಲಿನ ಹೊಗೆ ತಗ್ಗುತ್ತದೆ ಎಂಬುದು ಒಂದು ವಾದ. ಅದಕ್ಕಾಗಿ ಇಂಗಾಲವನ್ನೂ ನೀರನ್ನೂ ಕಾಯುವ ಕಾಡನ್ನೇ ಕಡಿಯಬೇಕೇ ಎಂಬುದು ಪ್ರತಿವಾದ.

ಇಂತಹ ಸಂದರ್ಭದಲ್ಲಿ ಸಮಂತಭದ್ರರ ‘ಪ್ರಯೋಜನವಿಲ್ಲದೆ’ ಎಂಬ ವಿಶೇಷಣದ ಮೇಲೆ ಮನಸ್ಸನ್ನು ನಿಲ್ಲಿಸಬೇಕು. ಪ್ರತಿಯೊಂದು ಕಾಲವೂ ತನ್ನ ಕೊಡಲಿಗೆ ಒಂದು ಪ್ರಯೋಜನವನ್ನು ಹೇಳಿದೆ. ಗೃಹಸ್ಥನು ಆರಂಭಹಿಂಸೆಯಿಂದ ಪೂರ್ತಿ ಬಿಡುಗಡೆ ಹೊಂದಲಾರನೆಂಬುದನ್ನು ಧರ್ಮವೂ ಒಪ್ಪುತ್ತದೆ. ಆದರೆ ಪ್ರಮಾದವೆಂದರೆ ಎಚ್ಚರಗೇಡಿತನ. ದಿಮ್ಮಿಯ ಬೆಲೆಯನ್ನೋ ವಿದ್ಯುತ್ತಿನ ಬೆಲೆಯನ್ನೋ ಬರೆದುಕೊಂಡು, ಏಪ್ರಿಲ್ ತಿಂಗಳ ಹಳ್ಳವನ್ನೂ ಗಾಳಿ ಸೇರಿದ ಇಂಗಾಲವನ್ನೂ ಲೆಕ್ಕಕ್ಕೆ ತರದಿದ್ದರೆ, ಪ್ರಯೋಜನವಿದ್ದ ಕೆಲಸದೊಳಗೂ ಅನರ್ಥದಂಡ ಸೇರಿಕೊಳ್ಳುತ್ತದೆ. ಕಡಿದ ಕಾನಿನ ಬದಲು ಅಕೇಶಿಯಾ ಸಸಿಗಳನ್ನು ನೆಟ್ಟು ಲೆಕ್ಕ ತೀರಿತೆಂದು ತಿಳಿಯುವುದೂ ಅಂತಹುದೇ ಪ್ರಮಾದ. ಸಸಿ ಬೆಳೆದೀತು, ಆದರೆ ಕಾನಿನ ಮಣ್ಣು ಕೆಲವು ವರ್ಷಗಳಲ್ಲಿ ಹುಟ್ಟುವುದಿಲ್ಲ.

ಬಸದಿಗಳ ಆಡಳಿತ ಮಂಡಳಿಗಳಿಗೂ ಈ ವಿವೇಕ ಅನ್ವಯಿಸುತ್ತದೆ. ಜೀರ್ಣೋದ್ಧಾರಕ್ಕೆ ಹೊಸ ಮರ ತರಿಸುವ ಮುನ್ನ ಹಳೆಯ ತೊಲೆ ಬಾಳೀತೇ ಎಂದು ನೋಡುವುದು, ಬಸದಿಯ ಅಂಗಳಕ್ಕೆಲ್ಲ ಕಾಂಕ್ರೀಟು ಹಾಸದೆ ಮಳೆನೀರು ಇಂಗಲು ನೆಲ ಬಿಡುವುದು, ಬಸದಿಯ ಜಮೀನಿನಲ್ಲಿ ಉಳಿದ ಕಾಡಿನ ತುಂಡನ್ನು ತೋಟವಾಗಿಸದೆ ಹಾಗೆಯೇ ಬಿಡುವುದು, ಪಂಚಕಲ್ಯಾಣದಂತಹ ಉತ್ಸವಗಳಲ್ಲಿ ದೀಪಾಲಂಕಾರಕ್ಕೆ ಮಿತಿ ಹಾಕಿಕೊಳ್ಳುವುದು ಕಷ್ಟಸಾಧ್ಯವಾದ ವ್ರತಗಳೇನಲ್ಲ. ನೀರನ್ನು ಸೋಸಿ ಕುಡಿಯುವ ಸಮಾಜವು ಆ ನೀರು ಹುಟ್ಟುವ ಕಾಡಿನ ವಿಷಯದಲ್ಲೂ ಅಷ್ಟೇ ಎಚ್ಚರ ವಹಿಸಿದರೆ, ಅನರ್ಥದಂಡವಿರತಿ ಇನ್ನಷ್ಟು ಸಾರ್ಥಕವಾಗುತ್ತದೆ.