1861ರ ‘ಆಗಸ್ಟ್ ಚೀಟಿ’ಗಳು: ಒಂದು ಕಾಲನಿರ್ಣಯದ ಪುನರ್ವಿಮರ್ಶೆ

ಜಾನ್ ಲಫ್ ಅವರು 1902ರಲ್ಲಿ ಹೊರತಂದ ಅಮೆರಿಕದ ಅಂಚೆಚೀಟಿಗಳ ಮಹಾಗ್ರಂಥವನ್ನು ಬದಿಗಿಟ್ಟು ಆ ದೇಶದ ಹಳೆಯ ಚೀಟಿಗಳ ವಿಚಾರದಲ್ಲಿ ಯಾರೂ ಒಂದು ಹೆಜ್ಜೆಯನ್ನೂ ಮುಂದಿಡಲಾರರು. ಈ ಲೇಖಕನೂ ಆ ಗ್ರಂಥಕ್ಕೆ ಋಣಿಯೇ. ಆದರೆ ಹಿರಿಯರ ಬರಹದಲ್ಲಿ ಒಮ್ಮೆ ನುಸುಳಿದ ತಪ್ಪಿಗೆ ಆ ಹಿರಿಯರ ಮೇಲಿನ ಗೌರವವೇ ಕಾವಲಾಗಿ ನಿಲ್ಲುವುದುಂಟು. 1861ರ ಚೀಟಿಗಳ ಮೊದಲ ಕೊರೆತಗಳನ್ನು ಲಫ್ ಅವರು ಜನರ ಕೈಗೆ ಮಾರಾಟವಾದ ಚೀಟಿಗಳೆಂದೇ ಎಣಿಸಿದರು, ಅವರ ಅನುಯಾಯಿಗಳು ಅವಕ್ಕೆ ‘ಆಗಸ್ಟ್ ಚೀಟಿ’ಗಳೆಂದೂ, ತಿದ್ದಿದ ರೂಪದವಕ್ಕೆ ‘ಸೆಪ್ಟೆಂಬರ್ ಚೀಟಿ’ಗಳೆಂದೂ ಹೆಸರಿಟ್ಟರು, ಕ್ಯಾಟಲಾಗುಗಳು ಅವಕ್ಕೆ ಕ್ರಮಸಂಖ್ಯೆಯನ್ನು ಕೊಟ್ಟವು, ಸಂಗ್ರಾಹಕರು ದುಬಾರಿ ಬೆಲೆ ತೆತ್ತು ಕೊಂಡರು. ಈ ಎರಡು ತಿಂಗಳುಗಳ ವಿಂಗಡಣೆ ನಿರಾಧಾರವಾದುದೆಂದು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಅಮೆರಿಕದ ಅಂತರ್ಯುದ್ಧ ತೊಡಗಿದಾಗ ದಕ್ಷಿಣದ ರಾಜ್ಯಗಳ ಅಂಚೆ ಕಚೇರಿಗಳಲ್ಲಿ ಸಿಕ್ಕಿಬಿದ್ದ ದಾಸ್ತಾನು ಶತ್ರುಪಕ್ಷಕ್ಕೆ ಒದಗಬಾರದೆಂದು ಹಳೆಯ ಚೀಟಿಗಳನ್ನು ಅಮಾನ್ಯಗೊಳಿಸಿದ್ದು, ಫಿಲಡೆಲ್ಫಿಯದ ಟಾಪನ್ ಕಾರ್ಪೆಂಟರ್ ಸಂಸ್ಥೆಯ ಕೈಯಲ್ಲಿದ್ದ ಮುದ್ರಣದ ಗುತ್ತಿಗೆ ನ್ಯೂಯಾರ್ಕಿನ ನ್ಯಾಷನಲ್ ಬ್ಯಾಂಕ್ ನೋಟ್ ಕಂಪನಿಗೆ ಹೋದದ್ದು ಸುವಿದಿತವಾದ ಸಂಗತಿಗಳು. ವಿವಾದವಿರುವುದು ಆ ಕಂಪನಿಯು ಕೊರೆದ ಎರಡು ರೂಪಗಳ ವಿಷಯದಲ್ಲಿ. ಮೊದಲ ರೂಪದ 3 ಸೆಂಟಿನ ಚೀಟಿಯಲ್ಲಿ ಮೂಲೆಯ ಅಲಂಕಾರಗಳ ತುದಿಗೆ ಪುಟ್ಟ ಗುಂಡುಗಳಿಲ್ಲ. 5 ಸೆಂಟಿನದರಲ್ಲಿ ಮೂಲೆಗಳಿಂದ ಹೊರಚಾಚುವ ಎಲೆಗಳಿಲ್ಲ. 12 ಸೆಂಟಿನದರ ಮೂಲೆಗಳಲ್ಲಿ ಅಂಡಾಕೃತಿಗಳೂ ಸುರುಳಿಗಳೂ ಇಲ್ಲ. 1 ಸೆಂಟಿನದರಲ್ಲಿ ಮೇಲಿನ ಎಡ ಅಂಕಿಯ ಬಲಕ್ಕಿರುವ ಅಲಂಕಾರದ ತುದಿಯ ಕೆಳಗೆ ಬರಬೇಕಾದ ಸಣ್ಣ ಗೆರೆಯಿಲ್ಲ. 90 ಸೆಂಟಿನದರಲ್ಲಿ ಪಟ್ಟಿಯ ಮೇಲೆ ಕೋನವಾಗಿ ಕೂಡುವ ಜೋಡಿಗೆರೆಗಳ ನಡುವಣ ಅಡ್ಡಗೀಟುಗಳಿಲ್ಲ. 24 ಮತ್ತು 30 ಸೆಂಟಿನವುಗಳಲ್ಲಿ ಚಿತ್ರದ ತಿದ್ದುಪಡಿಯೇ ಇಲ್ಲವಾದ್ದರಿಂದ, ಬಣ್ಣ ಮತ್ತು ಕಾಗದಗಳಿಂದಷ್ಟೇ ಅವನ್ನು ಬೇರ್ಪಡಿಸಬೇಕಾಗಿದೆ. ಮೊದಲ ಕೊರೆತಗಳ ಕಾಗದವು ತೆಳುವಾಗಿ, ಬೆಳಕು ಹಾಯುವಂತಿದ್ದು, ಮಡಿಸಿದರೆ ಮುರಿಯುವಷ್ಟು ಪೆಡಸಾದುದು.

ಪೂರ್ವಪಕ್ಷದವರ ಮುಖ್ಯ ವಾದವಿದು: ಇವಕ್ಕೆ ಅಂಟು ಬಳಿದಿದೆ, ಅಂಚಿಗೆ ರಂಧ್ರಗಳನ್ನು ಕೊರೆದಿದೆ, ಆದ್ದರಿಂದ ಇವು ಮಾರಾಟಕ್ಕಾಗಿಯೇ ಸಿದ್ಧವಾದ ಚೀಟಿಗಳು. ಸಿದ್ಧವಾದವೆಂಬುದನ್ನು ಒಪ್ಪೋಣ, ಮಾರಾಟವಾದವೆಂಬುದು ಅಷ್ಟರಿಂದಲೇ ಹೇಗೆ ಸಿದ್ಧಿಸುತ್ತದೆ? ಸರ್ಕಾರಕ್ಕೆ ಚೀಟಿಗಳನ್ನು ಅಚ್ಚು ಹಾಕುವ ಕೆಲಸವನ್ನು ಮೊದಲ ಬಾರಿಗೆ ವಹಿಸಿಕೊಳ್ಳುತ್ತಿದ್ದ ಕಂಪನಿಯು, ಒಪ್ಪಿಗೆ ನೀಡಬೇಕಾದ ಅಧಿಕಾರಿಗಳ ಮುಂದೆ, ಕಡೆಗೆ ಅಂಚೆ ಕಚೇರಿಯ ಮೇಜಿನ ಮೇಲೆ ಬರುವ ಚೀಟಿ ಹೇಗಿರುವುದೋ ಹಾಗೆಯೇ ಇರುವ ಮಾದರಿಯನ್ನು ಒಪ್ಪಿಸುವುದು ಸಹಜವಾಗಿದೆ. ಅಂಟೂ ರಂಧ್ರಗಳೂ ಮಾದರಿಗೆ ಹೊರತಾದುವಲ್ಲ. ‘ಪ್ರೆಮಿಯೆರ್ ಗ್ರಾವ್ಯೂರ್’ ಎಂದು ಇವಕ್ಕೆ ಸಂದ ಫ್ರೆಂಚ್ ಹೆಸರಿನಲ್ಲಿ ದೋಷವಿಲ್ಲ. ಮೊದಲ ಕೊರೆತಗಳೆಂದಷ್ಟೇ ಅದರ ಅರ್ಥ. ಮೊದಲು ಕೊರೆದದ್ದು ಮೊದಲು ಮಾರಾಟವಾಗಿರಲೇಬೇಕೆಂಬ ಭ್ರಾಂತಿಯೇ ದೋಷ. ಕವಿಯ ಕರಡುಪ್ರತಿಯನ್ನು ಕಾವ್ಯದ ಪ್ರಥಮ ಮುದ್ರಣವೆಂದು ಸಂಪಾದಕನೊಬ್ಬನು ಹೇಳಿದರೆ ನಾವು ಒಪ್ಪುವೆವೆ?

ಈಗ ಲಕೋಟೆಗಳ ಸಾಕ್ಷ್ಯವನ್ನು ನೋಡೋಣ. ‘ಸೆಪ್ಟೆಂಬರ್ ಚೀಟಿ’ಗಳೆನ್ನಿಸಿಕೊಂಡ ತಿದ್ದಿದ ರೂಪದ 1 ಮತ್ತು 3 ಸೆಂಟಿನ ಚೀಟಿಗಳ ಮೇಲೆ 1861ರ ಆಗಸ್ಟ್ 17ರ ಮುದ್ರೆಗಳು ದೊರೆತಿವೆ. ‘ಆಗಸ್ಟ್ ಚೀಟಿ’ಗಳೆನ್ನಿಸಿಕೊಂಡವುಗಳಲ್ಲಿಯಾದರೋ, 10 ಸೆಂಟಿನದೊಂದನ್ನು ಬಿಟ್ಟರೆ, ಚಿತ್ರದಿಂದ ಗುರುತಿಸಬಹುದಾದ ಒಂದೂ ಲಕೋಟೆಯ ಮೇಲೆ ಪ್ರಾಮಾಣಿಕ ಬಳಕೆಯ ಕುರುಹನ್ನು ತೋರಿಸಿಲ್ಲ. 3 ಸೆಂಟು ಅಂದಿನ ಸಾಮಾನ್ಯ ಕಾಗದದ ದರ. ಅಂಗಡಿಯವನಿಂದ ಹಿಡಿದು ದಂಡಿನ ಪಾಳೆಯದ ಸಿಪಾಯಿಯವರೆಗೆ ಎಲ್ಲರೂ ಅಂಟಿಸುತ್ತಿದ್ದ ಚೀಟಿ. ಅಲ್ಲದೆ, ಹಳೆಯ ಚೀಟಿಗಳನ್ನು ಗೊತ್ತಾದ ಕೆಲವೇ ದಿನಗಳೊಳಗೆ ಹಿಂದಿರುಗಿಸಿ ಹೊಸವನ್ನು ಪಡೆಯಬೇಕೆಂದು ಪ್ರಕಟಣೆಯಾಗಿದ್ದು, ಹಳೆಯ ಚೀಟಿ ಹಚ್ಚಿದ ಕಾಗದಗಳ ಮೇಲೆ ಫಿಲಡೆಲ್ಫಿಯದ ಕಚೇರಿಯು ಹಳೆಯ ಚೀಟಿಗಳಿಗೆ ಮಾನ್ಯತೆಯಿಲ್ಲವೆಂಬ ಮುದ್ರೆಯನ್ನೇ ಒತ್ತುತ್ತಿದ್ದಿತು. ಹೊಸ ಚೀಟಿಗೆ ಇಷ್ಟು ಬಲವಂತದ ಬೇಡಿಕೆಯಿದ್ದ ವಾರಗಳಲ್ಲಿ ಮೊದಲ ರೂಪದ 3 ಸೆಂಟಿನ ಚೀಟಿಯು ನಿಜವಾಗಿ ಮಾರಾಟದಲ್ಲಿದ್ದು, ಅದರ ಒಂದು ಲಕೋಟೆಯೂ ಉಳಿಯದೆ, ತಿದ್ದಿದ ರೂಪದವು ಮಾತ್ರ ಉಳಿದುವೆಂದು ನಂಬಲು ಗುರುಭಕ್ತಿಯೊಂದೇ ಸಾಲದು.

ಇನ್ನುಳಿದದ್ದು 10 ಸೆಂಟಿನ ಚೀಟಿ. ಸಮಸ್ಯೆಯ ಗಂಟೆಲ್ಲ ಇಲ್ಲಿಯೇ ಇದೆ. ತಿದ್ದಿದ ರೂಪದಲ್ಲಿ ನಕ್ಷತ್ರಗಳ ಕೆಳಗೆ ದಪ್ಪನೆಯ ಬಾಗುಗೆರೆಯೊಂದನ್ನು ಕೊರೆದಿದ್ದಾರೆ. ಮೇಲಿನ ಅಲಂಕಾರಕ್ಕೆ ಹೊರಗೆರೆಯೊಂದನ್ನು ಸೇರಿಸಿದ್ದಾರೆ. ಮೊದಲ ರೂಪದಲ್ಲಿ ಇವೆರಡೂ ಇಲ್ಲ. ಹೀಗೆ ಎರಡೂ ಇಲ್ಲದ ದಟ್ಟ ಹಸಿರು ಬಣ್ಣದ ಚೀಟಿಗಳು ನಿಸ್ಸಂದೇಹವಾಗಿ ಟಪಾಲಿನಲ್ಲಿ ಸಾಗಿವೆ. ‘ಒಂದು ಮಾರಾಟವಾಗಿದ್ದರೆ ಉಳಿದವೂ ಆಗಿರಲೇಬೇಕು’ ಎಂದು ಲಫ್ ಅವರ ಪಕ್ಷದವರು ಹಿಗ್ಗುತ್ತಾರೆ. ‘ಉಳಿದವು ಮಾದರಿಗಳಾದ್ದರಿಂದ ಇದೂ ಮಾದರಿಯೇ’ ಎಂದು ಎದುರು ಪಕ್ಷದ ಉತ್ಸಾಹಿಗಳು ಹಟ ಹಿಡಿಯುತ್ತಾರೆ. ಎರಡು ಗುಂಪಿನವರೂ ಎಂಟು ಚೀಟಿಗಳನ್ನು ಒಂದೇ ಕುಟುಂಬವೆಂದು ಭಾವಿಸಿ, ಒಬ್ಬನ ಸಾಕ್ಷ್ಯವನ್ನು ಎಲ್ಲರಿಗೂ ಹಂಚುತ್ತಿದ್ದಾರೆ. (ಎಲಿಯಟ್ ಪೆರಿಯವರು ಲಫ್ ಅವರ ಮತವನ್ನು ಖಂಡಿಸಿ ಪಟ್ಟ ಶ್ರಮದ ಬಗೆಗೆ ನನಗಿರುವ ಪಕ್ಷಪಾತವನ್ನು ಮುಚ್ಚಿಡಲಾರೆ, ಆದರೆ ಅವರ ಹೆಸರನ್ನು ಮುಂದಿಟ್ಟುಕೊಂಡು ಟಪಾಲಿನ ಮುದ್ರೆಯನ್ನೇ ಅಲ್ಲಗಳೆಯುವವರು ಅವರಿಗೆ ಉಪಕಾರ ಮಾಡುತ್ತಿಲ್ಲ.)

ಚೀಟಿ ಹೇಳುವುದನ್ನು ಮಾತ್ರ ಕೇಳೋಣ. ಈ 10 ಸೆಂಟಿನ ಚೀಟಿಗಳು 4ನೆಯ ಅಚ್ಚುಫಲಕವೊಂದರಿಂದಲೇ ಬಂದವು. ಇವುಗಳ ಬಳಕೆಯ ಅತಿ ಹಳೆಯ ದಿನಾಂಕ 1861ರ ಸೆಪ್ಟೆಂಬರ್ 17. ತಿದ್ದಿದ ರೂಪದ 10 ಸೆಂಟಿನದು ಅದಕ್ಕೂ ಮುನ್ನ, ಆಗಸ್ಟ್ ತಿಂಗಳಲ್ಲಿಯೇ, ಮುದ್ರೆ ಬಿದ್ದು ದೊರೆತಿದೆ. ಅಂದರೆ ಮೊದಲು ಕೊರೆದ ರೂಪವು ಹಿಂದಿನಿಂದ ಬಂದಿತು; ಹಿಂದಿನಿಂದ ತಿದ್ದಿದ್ದು ಮುಂದಾಗಿ ಹೋಯಿತು! ಪೂರ್ವಪಕ್ಷದ ಬುಡವೇ ಇಲ್ಲಿ ಕುಸಿಯುತ್ತದೆ: ಎರಡು ಪ್ರತ್ಯೇಕ ತಂಡಗಳ ಮಾರಾಟ ನಡೆದು, ಮೊದಲನೆಯ ತಂಡದಲ್ಲಿ ಇದು ಸೇರಿದ್ದರೆ, ಇದರ ದಿನಾಂಕಗಳು ತಿದ್ದಿದ ರೂಪಕ್ಕಿಂತ ಹಿಂದೆ ಇರಬೇಕಾಗಿತ್ತು. ನಿಜವಾಗಿ ನಡೆದುದನ್ನು ಹೀಗೆ ಊಹಿಸಬಹುದು (ಇದು ಊಹೆಯೆಂದು ಸ್ಪಷ್ಟವಾಗಿ ಹೇಳುತ್ತೇನೆ): ಉಕ್ಕಿನ ಫಲಕವೊಂದನ್ನು ಅಣಿಗೊಳಿಸುವುದು ಶ್ರಮವೂ ವೆಚ್ಚವೂ ಆದ ಕೆಲಸ, ಅಟ್ಲಾಂಟಿಕ್ ತೀರಕ್ಕೂ ಕ್ಯಾಲಿಫೋರ್ನಿಯಕ್ಕೂ ನಡುವೆ ಓಡಾಡುವ ಕಾಗದಗಳಿಗೆ 10 ಸೆಂಟು ತಗಲುತ್ತಿದ್ದುದರಿಂದ ಬೇಡಿಕೆ ಬಹಳವಾಗಿತ್ತು, ಸಿದ್ಧವಾಗಿ ಬಿದ್ದಿದ್ದ 4ನೆಯ ಫಲಕದ ಕೊರತೆ ಸಾಮಾನ್ಯನ ಕಣ್ಣಿಗೆ ಕಾಣುವಂಥದಲ್ಲ, ಆದ್ದರಿಂದ ಮುದ್ರಕರು ಅದನ್ನೂ ಕೆಲಸಕ್ಕೆ ಹಚ್ಚಿದರು. ಈ ವಿವರಣೆಗೆ ಆಗಸ್ಟ್ ತಿಂಗಳ ಯಾವ ಮಾರಾಟವನ್ನೂ ಕಲ್ಪಿಸಬೇಕಾಗಿಲ್ಲ.

ಇದರಿಂದ ಲಫ್ ಅವರ ಕೀರ್ತಿಗೆ ಕುಂದಿಲ್ಲ. ಲಕೋಟೆಯಿಂದ ಚೀಟಿಯನ್ನು ನೆನೆಸಿ ಬಿಡಿಸಿ ಸಂಗ್ರಹಿಸುತ್ತಿದ್ದ ಕಾಲದವರು ಅವರು. ಬಿಡಿಚೀಟಿ ತನ್ನ ಚಿತ್ರವನ್ನು ತೋರಿಸುತ್ತದೆಯೇ ಹೊರತು, ಬಹುಮಟ್ಟಿಗೆ, ತನ್ನ ದಿನವನ್ನು ಹೇಳುವುದಿಲ್ಲ. ಅವರಿಗೆ ದೊರೆಯದ ದಿನಾಂಕಗಳು ದೊರೆತ ಮೇಲೂ ಹಳೆಯ ವಿಂಗಡಣೆಯನ್ನು ನೆಚ್ಚಿಕೊಂಡಿರುವವರಿಗೆ ಮಾತ್ರ ಆ ಕ್ಷಮೆ ಸಲ್ಲದು. ಕ್ಯಾಟಲಾಗಿನವರು ಬಹುಕಾಲ ತಡೆದು, ಕಡೆಗೆ 10 ಸೆಂಟಿನದನ್ನು ಚೀಟಿಗಳ ಸಾಲಿನಲ್ಲಿ ಉಳಿಸಿಕೊಂಡು, ತಿದ್ದದ ರೂಪದ ಉಳಿದವನ್ನು ಮಾದರಿಗಳ ವಿಭಾಗಕ್ಕೆ ಸರಿಸಿದರು, ನ್ಯಾಯವಾದ ತೀರ್ಪು. ಮನೆಯ ಹಳೆಯ ಪೆಟ್ಟಿಗೆಯಲ್ಲಿ ಹಸಿರು ಬಣ್ಣದ 10 ಸೆಂಟಿನ ಲಕೋಟೆಯೊಂದು ಸಿಕ್ಕವರು ಭೂತಕನ್ನಡಿ ಹಿಡಿದು ಮೊದಲು ನಕ್ಷತ್ರಗಳ ಕೆಳಗೆ ನೋಡಲಿ. ಬಾಗುಗೆರೆ ಕಾಣದಿದ್ದರೆ, ದಯವಿಟ್ಟು ಚೀಟಿಯನ್ನು ನೀರಿಗೆ ಹಾಕದೆ, ಪಕ್ಕದಲ್ಲಿ ಬಿದ್ದಿರುವ ಊರಿನ ಮುದ್ರೆಯ ದಿನಾಂಕವನ್ನು ಓದಲಿ. ಅದು ಸೆಪ್ಟೆಂಬರ್ 17ಕ್ಕಿಂತ ಹಿಂದಿನದಾಗಿದ್ದರೆ, ಈ ಲೇಖನವನ್ನು ತಿದ್ದಿ ಬರೆಯಲು ನಾನು ಸಿದ್ಧನಿದ್ದೇನೆ.