ಕಾಳಿ ಸತ್ತ ಮೊರಡಿ: ಬಿಟ್ಟ ನಾಯಿಯ ಜಾಡು

ನಾಯಿಗೆ ಕಲ್ಲು ನೆಟ್ಟು, ಆ ಕಲ್ಲಿನ ಪೂಜೆಗೆ ಅಂತ ಕೆರೆ ಕೆಳಗಿನ ಮಣ್ಣು ಬಿಟ್ಟುಕೊಟ್ಟ ಊರು ನಮ್ಮ ಸೀಮೆಯಲ್ಲೇ ಇದೆ ಅಂದ್ರೆ ಎಷ್ಟೋ ಜನ ನಂಬಲ್ಲ. ಮದ್ದೂರು ತಾಲ್ಲೂಕಿನ ಆತಗೂರು. ಶಾಸನದಲ್ಲಿ ಇದು ಆತಕೂರು. ನಮ್ಮ ಕೃಷ್ಣಮೂರ್ತಿಪುರಂನಿಂದ ಬೆಳಗ್ಗೆ ಕಾಫಿ ಕುಡಿದು ಹೊರಟ್ರೆ ಬಿಸಿಲು ಏರೋ ಹೊತ್ತಿಗೆ ಅಲ್ಲಿರಬಹುದು. ತೋಟದ ನಾಯಿ ಹಗ್ಗ ಬಿಚ್ಚಿದ ಕೂಡಲೇ ಎತ್ತಲೋ ಹೋಗುತ್ತೆ, ಹುಡುಕೋದು ಹೆಂಗೆ ಅನ್ನೋ ಮಾತು ಬಂದಾಗಲೆಲ್ಲ ನನಗೆ ನೆನಪಾಗೋದು ಆ ಕಲ್ಲೇ.

ಕಾಲ ಕ್ರಿ.ಶ. 949-50, ಶಕ ವರ್ಷ 872. ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ದೊಡ್ಡ ಕಾಳಗ ನಡೆದು ಚೋಳ ರಾಜಾದಿತ್ಯ ಸತ್ತ. ಕೃಷ್ಣನ ಕಡೆ ನಿಂತು ಕಾದಿದವನು ಗಂಗರ ಇಮ್ಮಡಿ ಬೂತುಗ. ಬೂತುಗನ ಕಡೆಯ ವೀರ ಮಣಲೆರ. ಅವನ ಶೌರ್ಯಕ್ಕೆ ಮೆಚ್ಚಿ ಒಡೆಯ ‘ಏನು ಬೇಕೋ ಕೇಳು’ ಅಂದಾಗ ಮಣಲೆರ ಕೇಳಿದ್ದು ಒಂದು ನಾಯಿ. ಹೆಸರು ಕಾಳಿ. ಊರು, ಹೊನ್ನು ಕೇಳೋ ಹೊತ್ತಲ್ಲಿ ನಾಯಿ ಕೇಳಿದವನು ನಾಯಿಯ ಬೆಲೆ ಬಲ್ಲವನೇ ಇರಬೇಕು.

ಆಮೇಲಿನದು ನಮಗೆ ಬೇಕಾದ ಭಾಗ. ಕೆಳಲೆ ನಾಡಿನ ಬೆಳತೂರಿನ ಪಡುವಲಿಗಿದ್ದ ಮೊರಡಿಯಲ್ಲಿ ಕಾಳಿಯನ್ನ ಒಂದು ಭಾರಿ ಹಂದಿ ಮೇಲೆ ಬಿಟ್ಟರು. ಹಂದಿ, ನಾಯಿ ಎರಡೂ ಜೊತೆಗೇ ಸತ್ತವು. ಅದಕ್ಕಾಗಿ ಆತಕೂರಿನ ಚಲ್ಲೇಶ್ವರ ಗುಡಿ ಮುಂದೆ ಕಲ್ಲು ನಿಲ್ಲಿಸಿ, ದೊಡ್ಡ ಕೆರೆ ಕೆಳಗೆ ಎರಡು ಖಂಡುಗ ಮಣ್ಣು ಕೊಟ್ಟರು. ಖಂಡುಗದ ಲೆಕ್ಕ ನಿಮಗೆ ಹೇಳಬೇಕಾಗಿಲ್ಲ. ಗುಡಿ ನೋಡಿಕೊಳ್ಳೋ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ಸುತ್ತಿಕೊಳ್ಳುತ್ತೆ ಅಂತಲೂ ಬರೆಸಿದ್ದಾರೆ.

ಒಂದು ಮಾತು ಗಮನಿಸಿ. ಯಾವ ನಾಡು, ಯಾವ ಊರು, ಊರಿನ ಯಾವ ದಿಕ್ಕಿನ ಮೊರಡಿ, ಎಲ್ಲ ಕಲ್ಲಿನಲ್ಲಿದೆ. ಹಗ್ಗ ಬಿಚ್ಚಿದ ನಾಯಿ ಹಂದಿ ಹಿಂದೆ ಬಿದ್ದರೆ ಮನುಷ್ಯನ ಕಾಲು ಅದಕ್ಕೆ ಸಾಟಿ ಅಲ್ಲ. ಆದರೂ ಅದು ಎಲ್ಲಿ ಸತ್ತಿತು ಅನ್ನೋದು ಅವರಿಗೆ ಖಚಿತವಾಗಿ ಗೊತ್ತಿತ್ತು. ಕಿವಿಯಿಂದಲೇ ಹಿಂಬಾಲಿಸಿರಬೇಕು ಅಂತ ನನ್ನ ಊಹೆ. ನಾಯಿ ಸಾಕಿದವರಿಗೆ ಗೊತ್ತು, ಓಡುವಾಗಿನ ಬೊಗಳು ಬೇರೆ, ಪ್ರಾಣಿ ತಿರುಗಿ ನಿಂತಾಗಿನ ಬೊಗಳು ಬೇರೆ. ಎರಡನೇದು ಒಂದೇ ಜಾಗದಿಂದ ಬಿಡದೆ ಬರುತ್ತೆ. ಸದ್ದು ನಿಂತರೆ ಎದೆ ಧಸಕ್ ಅನ್ನುತ್ತೆ.

ಬೇಟೆನಾಯಿ ಸಾಕೋದು ಆಗ ಒಂದು ವಿದ್ಯೆಯೇ ಆಗಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಸಾರಮೇಯ ವಿನೋದ ಅಂತ ನಾಯಿಗಳಿಗೇ ಒಂದು ಭಾಗ ಇದೆ. ಇತ್ತೀಚಿನವರಲ್ಲಿ ತೇಜಸ್ವಿಯವರ ‘ಕಿವಿ’ ಎಲ್ಲರಿಗೂ ಗೊತ್ತು, ಹೆಚ್ಚು ಹೇಳಲ್ಲ.

ಎಲ್ಲ ನಾಯಿಯೂ ಒಂದೇ ಥರ ಕಳೆದುಹೋಗಲ್ಲ. ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡೋದು. ದೂರದಲ್ಲಿ ಮೊಲ ಅಲುಗಾಡಿದರೂ ಸಾಕು, ಆಮೇಲೆ ನೀವು ಕೂಗಿದ್ದು ಅದರ ಕಿವಿಗೆ ಬೀಳೋದೇ ಇಲ್ಲ. ಆದರೆ ಬೇಟೆ ಕಣ್ಮರೆಯಾದರೆ ನಿಲ್ಲುತ್ತೆ. ನಮ್ಮ ನಾಟಿ ನಾಯಿ ಮೂಗು ನೆಲಕ್ಕಿಟ್ಟು ವಾಸನೆ ಹಿಡಿದು ಹೋಗೋದು. ಗೌಜು ಕಮ್ಮಿ, ಆದರೆ ಎರಡು ಊರು ದಾಟಿಬಿಡುತ್ತೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ, ಆ ದಿಕ್ಕಿಗೇ ಮೊದಲು ಹುಡುಕಿ. ಸಿಗದಿದ್ದರೆ ಬಿಟ್ಟ ಜಾಗದಲ್ಲಿ ನಿಮ್ಮ ಹಳೇ ಟವಲ್ಲೋ ಕಂಬಳಿಯೋ ಹಾಕಿ ಬನ್ನಿ. ಎಷ್ಟೋ ನಾಯಿಗಳು ತಮ್ಮ ಜಾಡು ಹಿಡಿದು ಅಲ್ಲಿಗೇ ವಾಪಸ್ ಬರ್ತವೆ.

ಕಾಡಿನ ನಾಯಿಗಳಿಗೆ ಈ ತಾಪತ್ರಯ ಕಮ್ಮಿ. ಬಂಡೀಪುರ, ನಾಗರಹೊಳೆಯ ಸೀಳುನಾಯಿಗಳು ಬೇಟೆಯಲ್ಲಿ ಚದುರಿದರೆ ಸಿಳ್ಳೆ ಹಾಕಿ ಮತ್ತೆ ಗುಂಪು ಕೂಡ್ತವೆ. ಅದೇ ನಾಗರಹೊಳೆಯಲ್ಲಿ 1990ರಲ್ಲಿ ಉಲ್ಲಾಸ ಕಾರಂತರು ಹುಲಿಗಳಿಗೆ ರೇಡಿಯೋ ಕಾಲರ್ ಹಾಕಿ, ಆಂಟೆನಾ ತಿರುಗಿಸಿ ದಿಕ್ಕು ಹಿಡಿದರು. ಈಗ ನಾಯಿಗೂ ಜಿಪಿಎಸ್ ಪಟ್ಟಿ ಬಂದಿದೆ. ಮೊಬೈಲ್ ಸಿಮ್ ಇರೋದಾದರೆ ಅದು ನೆಟ್‌ವರ್ಕ್ ಇರೋ ಕಡೆ ಮಾತ್ರ ಜಾಗ ಹೇಳುತ್ತೆ. ನಮ್ಮ ಹಳ್ಳದ ಕಡೆ ಇಳಿದರೆ ಮೂಕ. ಬ್ಲೂಟೂತ್ ಬಿಲ್ಲೆ ಪೇಟೆಗೆ ಸರಿ, ಹೊಲಕ್ಕಲ್ಲ. ಚರ್ಮದಡಿ ಹಾಕೋ ಮೈಕ್ರೋಚಿಪ್ ನಾಯಿ ಎಲ್ಲಿದೆ ಅಂತ ಹೇಳಲ್ಲ, ಸಿಕ್ಕ ಮೇಲೆ ಯಾರದು ಅಂತ ಹೇಳುತ್ತೆ ಅಷ್ಟೆ. ನನ್ನ ಕೇಳಿದರೆ ಮೊದಲು ಕೊರಳಿಗೊಂದು ಗಂಟೆ, ಪಟ್ಟಿ ಮೇಲೆ ಫೋನ್ ನಂಬರು. ಗಂಟೆಗೆ ಚಾರ್ಜೂ ಬೇಡ, ಸಿಗ್ನಲ್ಲೂ ಬೇಡ.

ಕಾಳಿಗೆ ಎದುರಾದದ್ದು ಹಂದಿಯ ಕೋರೆ. ಇವತ್ತು ನಮ್ಮ ನಾಯಿಗಳಿಗೆ ಕಾದಿರೋದು ಹಂದಿಗೆ ಇಟ್ಟ ಉರುಳು, ಉಂಡೆಯಲ್ಲಿ ಸುತ್ತಿಟ್ಟ ಸಿಡಿಮದ್ದು, ಕಳ್ಳತನದಲ್ಲಿ ಬೇಲಿಗೆ ಹರಿಸಿದ ಕರೆಂಟು. ಸಂಜೆ ಮೇಲೆ ಕಬ್ಬಿನ ಗದ್ದೆಯಲ್ಲಿ ಚಿರತೆ. ಉರುಳಿಗೆ ಬಿದ್ದ ನಾಯಿ ಎಷ್ಟು ಎಳೆದರೆ ಅಷ್ಟು ಬಿಗಿಯುತ್ತೆ, ಕೂಗೋಕೂ ಆಗಲ್ಲ. ಹಾಗಾಗಿ ಕಾಣೆಯಾದರೆ ‘ನಾಳೆ ಬರುತ್ತೆ ಬಿಡು’ ಅನ್ನಬೇಡಿ, ಕತ್ತಲಾಗೋ ಮೊದಲೇ ಬೇಲಿ ಸಾಲು, ಹಳ್ಳದ ದಾರಿ ನೋಡಿ. ಉರುಳು ಒಡ್ಡೋ ನಮ್ಮವರಿಗೂ ಒಂದು ಮಾತು: 1972ರ ವನ್ಯಜೀವಿ ಕಾಯ್ದೆಯಲ್ಲಿ ಉರುಳು ಹಾಕೋದೂ ಬೇಟೆ, ಪ್ರಾಣಿಯನ್ನ ಬೆನ್ನಟ್ಟಿಸೋದೂ ಬೇಟೆ. ಮಣಲೆರ ಮಾಡಿದ್ದನ್ನ ನಾವು ಮಾಡಿದರೆ ಕಲ್ಲು ನೆಡಲ್ಲ, ಕೇಸು ಹಾಕ್ತಾರೆ. ತಿರುಗೋ ನಾಯಿಗೆ ವರ್ಷವರ್ಷ ರೇಬೀಸ್ ಚುಚ್ಚುಮದ್ದು ಹಾಕಿಸಿರಬೇಕು, ಅದು ಯಾರ ಮನೆ ಮಗುವಿನ ಹತ್ತಿರ ಹೋಗುತ್ತೋ ನಮಗೆ ಕಾಣಲ್ಲ.

ಆ ಕಲ್ಲು ಈಗ ಆತಗೂರಿನಲ್ಲಿಲ್ಲ, ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ. ಕೋರ್ಟು ಕಚೇರಿ ಅಂತ ಆ ಕಡೆ ಹೋದಾಗ ಒಳಗೆ ಹೋಗಿ ನೋಡಿ. ಸುತ್ತ ಹಳಗನ್ನಡ ಅಕ್ಷರ, ನಡುವೆ ಹಂದಿಗೆ ಮುಖಾಮುಖಿ ನಿಂತ ಕಾಳಿ.