ಕಾಫಿ ಕ್ಯಾಪ್ಸೂಲ್ ತ್ಯಾಜ್ಯ ಮತ್ತು ಪರಿಸರಸ್ನೇಹಿ ಪೊಟ್ಟಣದ ಪರಿಭಾಷೆ

ಒಬ್ಬರಿಗೆ ಒಮ್ಮೆ ಸಾಕಾಗುವಷ್ಟು ಹುರಿದ ಕಾಫಿಪುಡಿಯನ್ನು ಗಾಳಿಯಾಡದಂತೆ ತುಂಬಿ ಮುಚ್ಚಿದ, ಯಂತ್ರದಲ್ಲಿಟ್ಟು ಒಂದು ಸಲ ಬಳಸಿ ಎಸೆಯುವ ಪುಟ್ಟ ಡಬ್ಬಿಯನ್ನು ಕಾಫಿ ಕ್ಯಾಪ್ಸೂಲ್ ಅಥವಾ ಪಾಡ್ ಎನ್ನುತ್ತಾರೆ. ನೆಸ್ಲೆ ಸಂಸ್ಥೆಯ ಎಂಜಿನಿಯರ್ ಎರಿಕ್ ಫಾವ್ರ್ ರೂಪಿಸಿದ ವಿಧಾನವು 1986ರಲ್ಲಿ ನೆಸ್ಪ್ರೆಸೊ ಎಂಬ ಹೆಸರಿನಲ್ಲಿ ಸ್ವಿಟ್ಜರ್ಲೆಂಡಿನಿಂದ ಮಾರುಕಟ್ಟೆಗೆ ಬಂದಿತು. ಅಮೆರಿಕದ ಕ್ಯೂರಿಗ್ ಸಂಸ್ಥೆಯ ಕೆ-ಕಪ್ 1998ರಲ್ಲಿ ಕಚೇರಿಗಳ ಮೂಲಕ ಬಳಕೆಗೆ ಬಂದು ಮುಂದೆ ಮನೆಗಳನ್ನೂ ಸೇರಿತು.

ದಕ್ಷಿಣ ಭಾರತದ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿದ ಮೇಲೆ ಉಳಿಯುವುದು ಗಿಡದ ಬುಡಕ್ಕೆ ಹಾಕಬಹುದಾದ ಪುಡಿ ಮಾತ್ರ. ಕ್ಯಾಪ್ಸೂಲಿನಲ್ಲಾದರೆ ಆಮ್ಲಜನಕ ತಾಗಿ ಪರಿಮಳ ಕೆಡದಿರಲೆಂದು ಪ್ಲಾಸ್ಟಿಕ್ ಬಟ್ಟಲು, ಅದರೊಳಗೆ ಕಾಗದದ ಸೋಸುಹಾಳೆ, ಮೇಲೆ ಲೋಹದ ತೆಳುಮುಚ್ಚಳ ಹೀಗೆ ಹಲವು ವಸ್ತುಗಳನ್ನು ಅಂಟಿಸಿರುವುದರಿಂದ, ಬಳಸಿದ ನಂತರ ಒದ್ದೆ ಪುಡಿಯೊಡನೆ ಇವೆಲ್ಲ ಒಂದೇ ಮುದ್ದೆಯಾಗಿ ಕಸಕ್ಕೆ ಬೀಳುತ್ತವೆ. ಗಾತ್ರ ಚಿಕ್ಕದಾದ ಕಾರಣ ಕಸ ವಿಂಗಡಿಸುವ ಯಂತ್ರಗಳ ಜರಡಿಯಿಂದಲೂ ಅವು ಸುಲಭವಾಗಿ ಜಾರಿಹೋಗುತ್ತವೆ. ಜರ್ಮನಿಯ ಹ್ಯಾಂಬರ್ಗ್ ನಗರಾಡಳಿತವು 2016ರಲ್ಲಿ ತನ್ನ ಕಚೇರಿಗಳಿಗೆ ಸಾರ್ವಜನಿಕ ಹಣದಿಂದ ಇವನ್ನು ಕೊಳ್ಳುವುದನ್ನೇ ನಿಲ್ಲಿಸಿತು.

ಇಂಥ ಪೊಟ್ಟಣಗಳ ಮೇಲೆ ಕಾಣುವ ಮಾತುಗಳಲ್ಲಿ ಅತಿ ಹೆಚ್ಚು ತಪ್ಪುಕಲ್ಪನೆಗೆ ಎಡೆಕೊಟ್ಟಿರುವುದು ‘ಮರುಬಳಕೆಗೆ ಯೋಗ್ಯ’ ಎಂಬುದು. ಕರಗಿಸಿ ಮತ್ತೆ ಅಚ್ಚುಹಾಕಲು ಬರುವುದು ವಸ್ತುವಿನ ಗುಣ. ಆದರೆ ಅದನ್ನು ಸಂಗ್ರಹಿಸುವವರು, ಬೇರ್ಪಡಿಸುವವರು, ಕೊಳ್ಳುವವರು ಊರಿನಲ್ಲಿ ಇಲ್ಲದಿದ್ದರೆ ಆ ಗುಣದಿಂದ ಪ್ರಯೋಜನವಿಲ್ಲ. ಆದ್ದರಿಂದಲೇ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ ಮಾರ್ಗಸೂಚಿಯು, ಮಾರಾಟವಾಗುವ ಪ್ರದೇಶದ ಕನಿಷ್ಠ 60% ಗ್ರಾಹಕರಿಗೆ ಮರುಬಳಕೆಯ ಸೌಲಭ್ಯ ದೊರೆಯುವಂತಿದ್ದರೆ ಮಾತ್ರ ಈ ಮಾತನ್ನು ಯಾವ ಷರತ್ತೂ ಇಲ್ಲದೆ ಬಳಸಬಹುದೆನ್ನುತ್ತದೆ. ಕ್ಯೂರಿಗ್ ತನ್ನ ಬಟ್ಟಲುಗಳನ್ನು ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿಗೆ ಬದಲಾಯಿಸಿದ ಮೇಲೂ, ಬ್ರಿಟಿಷ್ ಕೊಲಂಬಿಯ ಮತ್ತು ಕ್ವಿಬೆಕ್ ಪ್ರಾಂತಗಳನ್ನು ಬಿಟ್ಟರೆ ಕೆನಡಾದ ಬೇರೆಡೆ ಅವನ್ನು ವ್ಯಾಪಕವಾಗಿ ಸ್ವೀಕರಿಸುತ್ತಿಲ್ಲವೆಂದು ಅಲ್ಲಿನ ಸ್ಪರ್ಧಾ ನಿಯಂತ್ರಣ ಇಲಾಖೆ ಕಂಡುಕೊಂಡಿತು. 2022ರಲ್ಲಿ ಸಂಸ್ಥೆಯ ಕೆನಡಾ ಶಾಖೆ 30 ಲಕ್ಷ ಕೆನಡಿಯನ್ ಡಾಲರ್ ದಂಡ ತೆರಲು ಒಪ್ಪಿತು. ದೊಡ್ಡ ಮರುಬಳಕೆ ಕಂಪನಿಗಳೆರಡು ಈ ಬಟ್ಟಲುಗಳ ಬಗ್ಗೆ ತಕರಾರು ಎತ್ತಿದ್ದನ್ನು ವಾರ್ಷಿಕ ವರದಿಗಳಲ್ಲಿ ತಿಳಿಸದಿದ್ದುದಕ್ಕೆ ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆಯೂ 2024ರಲ್ಲಿ 15 ಲಕ್ಷ ಡಾಲರ್ ದಂಡ ವಿಧಿಸಿತು. ಪ್ಲಾಸ್ಟಿಕ್ಕಿನ ತಳದಲ್ಲಿರುವ, ನಡುವೆ ಅಂಕಿಯುಳ್ಳ ತ್ರಿಕೋನ ಚಿಹ್ನೆಯೂ ರಾಳದ ಬಗೆಯನ್ನು ತಿಳಿಸುತ್ತದೆಯೇ ಹೊರತು ಮರುಬಳಕೆಯ ಭರವಸೆಯನ್ನು ಕೊಡುವುದಿಲ್ಲ.

‘ಜೈವಿಕ ವಿಘಟನೀಯ’ ಎಂದರೆ ಸೂಕ್ಷ್ಮಜೀವಿಗಳಿಂದ ಕೊಳೆಯಬಲ್ಲದ್ದು; ಎಷ್ಟು ಕಾಲದಲ್ಲಿ, ಎಲ್ಲಿ ಎಂಬುದನ್ನು ಹೇಳದೆ ಈ ಮಾತನ್ನು ಬಳಸಿದರೆ ಅದಕ್ಕೆ ಅರ್ಥವೇ ಇರುವುದಿಲ್ಲ. ‘ಕಾಂಪೋಸ್ಟ್ ಆಗುವಂಥದ್ದು’ ಎಂಬುದು ಇದಕ್ಕಿಂತ ಬಿಗಿಯಾದ ಪದ. ಯುರೋಪಿನ ಇಎನ್ 13432 ಮಾನದಂಡದಂತೆ ವಸ್ತುವಿನ 90% ಭಾಗ ಆರು ತಿಂಗಳೊಳಗೆ ವಿಘಟನೆಯಾಗಬೇಕು, ಹನ್ನೆರಡು ವಾರಗಳ ನಂತರ 2 ಮಿಲಿಮೀಟರ್ ಜರಡಿಯ ಮೇಲೆ 10%ಕ್ಕಿಂತ ಹೆಚ್ಚು ಉಳಿಯಬಾರದು. ಇದು ಸುಮಾರು 58 ಡಿಗ್ರಿ ಸೆಲ್ಸಿಯಸ್ ಬಿಸಿಯನ್ನು ಕಾಯ್ದುಕೊಳ್ಳುವ ಕೈಗಾರಿಕಾ ಘಟಕಗಳನ್ನು ಗಮನದಲ್ಲಿಟ್ಟು ಮಾಡಿದ ಪರೀಕ್ಷೆ. ಜೋಳದಂಥ ಬೆಳೆಗಳ ಪಿಷ್ಟದಿಂದ ತಯಾರಾಗುವ ಪಿಎಲ್‌ಎ ಪ್ಲಾಸ್ಟಿಕ್ಕಿನ ಕ್ಯಾಪ್ಸೂಲ್ ಹಿತ್ತಲಿನ ಗೊಬ್ಬರದ ಗುಂಡಿಯಲ್ಲಿ ಆ ಶಾಖ ಸಿಗದೆ ಬಹುಕಾಲ ಹಾಗೆಯೇ ಉಳಿಯಬಹುದು. ಇನ್ನು ‘ಸಸ್ಯಮೂಲದ್ದು’ ಎಂಬುದು ಕಚ್ಚಾವಸ್ತುವಿನ ಮಾತು: ಕಬ್ಬಿನಿಂದ ತಯಾರಾದ ಪಾಲಿಎಥಿಲೀನ್ ಪೆಟ್ರೋಲಿಯಂ ಮೂಲದ ಪಾಲಿಎಥಿಲೀನ್‌ನಂತೆಯೇ ಕೊಳೆಯದೆ ಉಳಿಯುತ್ತದೆ.

ಅಲ್ಯೂಮಿನಿಯಂ ಕ್ಯಾಪ್ಸೂಲುಗಳ ವಿಚಾರ ಸ್ವಲ್ಪ ಬೇರೆ. ಅದಿರಿನಿಂದ ಹೊಸದಾಗಿ ತೆಗೆಯುವುದಕ್ಕೆ ಹೋಲಿಸಿದರೆ ಮರುಬಳಕೆಯಲ್ಲಿ ಸುಮಾರು 95% ಶಕ್ತಿ ಉಳಿಯುವುದರಿಂದ ಈ ಲೋಹಕ್ಕೆ ಬೆಲೆಯಿದೆ. ಆದರೂ ಕೊಂಡವರು ಅವನ್ನು ಕೂಡಿಟ್ಟು ಕಂಪನಿಯ ಸಂಗ್ರಹಕ್ಕೆ ಮರಳಿಸಿದಾಗ ಮಾತ್ರ ಆ ಬೆಲೆ ದಕ್ಕುತ್ತದೆ. ಮತ್ತೆ ಮತ್ತೆ ತುಂಬಬಹುದಾದ ಉಕ್ಕಿನ ಕ್ಯಾಪ್ಸೂಲುಗಳೂ, ಸ್ವಿಟ್ಜರ್ಲೆಂಡಿನ ಮಿಗ್ರೋಸ್ 2022ರಲ್ಲಿ ತಂದ, ಪಾಚಿಮೂಲದ ತೆಳುಪದರವುಳ್ಳ ಕಾಫಿ ಉಂಡೆಗಳೂ ತ್ಯಾಜ್ಯವನ್ನು ಹುಟ್ಟುವಲ್ಲೇ ತಡೆಯುವುದರಿಂದ ಹೆಚ್ಚು ಗಮನಾರ್ಹವಾಗಿವೆ.

ಭಾರತದಲ್ಲಿ ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್ಕನ್ನು ಮಾರುವ ಮುನ್ನ ತಯಾರಕರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಪಡೆಯಬೇಕು. ‘ಪರಿಸರಸ್ನೇಹಿ’, ‘ಹಸಿರು’ ಮುಂತಾದ ಸಾಮಾನ್ಯ ಮಾತುಗಳಿಗೆ ತಕ್ಕ ವಿವರಣೆಯನ್ನೂ ಆಧಾರವನ್ನೂ ಒದಗಿಸಬೇಕೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಬೆಂಗಳೂರಿನಂತೆ ಹಸಿಕಸ, ಒಣಕಸಗಳನ್ನು ಬೇರ್ಪಡಿಸಿ ಕೊಡಬೇಕಾದ ಊರುಗಳಲ್ಲಿ, ಬಳಸಿದ ಕ್ಯಾಪ್ಸೂಲನ್ನು ಇಡಿಯಾಗಿ ಕೊಟ್ಟರೆ ಅದು ಎರಡಕ್ಕೂ ಸೇರುವುದಿಲ್ಲ. ಮುಚ್ಚಳ ಕಿತ್ತು ಪುಡಿಯನ್ನು ಹಸಿಕಸಕ್ಕೂ, ತೊಳೆದ ಬಟ್ಟಲನ್ನು ಒಣಕಸಕ್ಕೂ ಹಾಕಬೇಕಾಗುತ್ತದೆ.